ಗಾಳಿ ಎಷ್ಟು ಹಾಕಿಸಲಿ ಸಾರ್? – ಹಳೆಯ ಪಾಠಕ್ಕೊಂದು ತಿದ್ದುಪಡಿ



ಕಳೆದ ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಅವನೀಗ ಐವತ್ತರ ಹೊಸ್ತಿಲಲ್ಲಿದ್ದಾನೆ. ಕಾಲೇಜಿನಲ್ಲಿ ಓದುತ್ತಿರುವ ಅವನ ಮಗಳಿಗೆ ಸೈಕಲ್ಲಿನ ಹುಚ್ಚು. ಮಳೆ ಮುಗಿಯುವ ಹೊತ್ತಿಗೆ ಗೆಳತಿಯರೊಡನೆ ಮಲೆನಾಡಿನ ದಾರಿಗಳಲ್ಲಿ ನಾಲ್ಕು ದಿನ ಸುತ್ತಬೇಕೆಂದು ಹೊರಟಿದ್ದಾಳಂತೆ. ಅರ್ಧ ಡಾಂಬರು, ಅರ್ಧ ಕೆಮ್ಮಣ್ಣು. "ಸಾರ್, ವೇಗ ಬೇಕಾದರೆ ಸಪೂರದ ಟೈರು, ಹಿಡಿತ ಬೇಕಾದರೆ ದಪ್ಪದ್ದು ಅಂತಾರೆ ಅಂಗಡಿಯವರು. ಯಾವುದು ಹಾಕಿಸಲಿ? ಗಾಳಿ ಎಷ್ಟು ಹಾಕಿಸಲಿ?" ಎಂದು ಕೇಳಿದ.

ನಾನು ತಕ್ಷಣ ಉತ್ತರಿಸಲಿಲ್ಲ. "ಯೋಚಿಸಿ ಹೇಳುತ್ತೇನಪ್ಪಾ" ಎಂದೆ. ಅವನಿಗೆ ಆಶ್ಚರ್ಯವಾಗಿರಬೇಕು. ಏಕೆಂದರೆ ಇದೇ ಪ್ರಶ್ನೆಯನ್ನು ಇವನೇ 1991ರಲ್ಲಿ, ಹತ್ತನೆಯ ತರಗತಿಯಲ್ಲಿದ್ದಾಗ, ನನ್ನನ್ನು ಕೇಳಿದ್ದ. ಅಂದು ನಾನು ಒಂದು ಕ್ಷಣವೂ ಯೋಚಿಸದೆ ಉತ್ತರ ಕೊಟ್ಟಿದ್ದೆ. ಆ ಉತ್ತರ ತಪ್ಪಾಗಿತ್ತು.

ನಡೆದದ್ದು ಇಷ್ಟು. ನಮ್ಮೂರಿನ ಗಣೇಶೋತ್ಸವದ ಅಂಗವಾಗಿ ಹುಡುಗರಿಗೆ ಸೈಕಲ್ ಓಟದ ಸ್ಪರ್ಧೆ ಏರ್ಪಡಿಸಿದ್ದರು. ಹೋಗುವಾಗ ಡಾಂಬರು ರಸ್ತೆ, ಮರಳುವಾಗ ಕೆರೆಯ ಏರಿಯ ಮೇಲಿನ ಜಂಬಿಟ್ಟಿಗೆ ಮಣ್ಣಿನ ದಾರಿ. ನಾನಾಗ ಶಾಲೆಯಲ್ಲಿ ವಿಜ್ಞಾನದ ಮೇಷ್ಟರು. 'ಘರ್ಷಣೆ'ಯ ಪಾಠವನ್ನು ಆಗಷ್ಟೇ ಮುಗಿಸಿದ್ದೆ. "ಟೈರು ನೆಲಕ್ಕೆ ತಾಗುವ ಜಾಗ ಕಡಿಮೆಯಾದಷ್ಟೂ ಘರ್ಷಣೆ ಕಡಿಮೆ, ವೇಗ ಹೆಚ್ಚು. ಸಪೂರದ ಟೈರು ಸಿಕ್ಕರೆ ಹಾಕಿಸು, ಕಲ್ಲಿನಂತೆ ಗಾಳಿ ತುಂಬಿಸು" ಎಂದು ಅಪ್ಪಣೆ ಕೊಟ್ಟೆ. ಹುಡುಗ ಯಾರದ್ದೋ ಬಾಗಿದ ಹ್ಯಾಂಡಲ್ಲಿನ ಸೈಕಲ್ಲನ್ನು ಎರವಲು ತಂದ. ಬಸ್ ನಿಲ್ದಾಣದ ಪಕ್ಕದ ತಗಡಿನ ಮಾಡಿನ ಅಂಗಡಿಯಲ್ಲಿ ನಾನೇ ನಿಂತು ಗಾಳಿ ಹೊಡೆಸಿದೆ. ಅಂಗಡಿಯ ಸಾಬರು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಮೇಷ್ಟ್ರೇ, ಮಳೆಗಾಲ್ದಾಗೆ ಇಷ್ಟು ಗಟ್ಟಿ ಬ್ಯಾಡ. ಕೆಮ್ಮಣ್ಣಲ್ಲಿ ಟೈರು ಕೂರಲ್ಲ. ಸ್ವಲ್ಪ ಇಳಿಸೋಣ" ಎಂದರು. ನಾನು ನಕ್ಕು, ಅದು ವಿಜ್ಞಾನ, ನಿಮಗೆ ತಿಳಿಯದು ಎಂಬ ಅರ್ಥ ಬರುವಂತೆ ಏನನ್ನೋ ಹೇಳಿದೆ.

ಡಾಂಬರಿನಲ್ಲಿ ಹುಡುಗ ಎಲ್ಲರಿಗಿಂತ ಮುಂದಿದ್ದ. ಏರಿಯ ತಿರುವಿನಲ್ಲಿ ಮುಂದಿನ ಚಕ್ರ ಜಾರಿತು. ಬಲಗಡೆಯ ಕೊರಳೆಲುಬು ಮುರಿಯಿತು. ಮಧ್ಯಂತರ ಪರೀಕ್ಷೆಯನ್ನು ಅವನು ಬರೆಯಲಾಗಲಿಲ್ಲ. ಅವನಾಗಲಿ ಅವನ ತಂದೆಯಾಗಲಿ ನನ್ನನ್ನು ಒಂದು ಮಾತೂ ಆಡಲಿಲ್ಲ. ನಾನೂ ಮಳೆಯನ್ನು ದೂರಿ ಸುಮ್ಮನಾದೆ. ಮುಂದೆಯೂ ನಿವೃತ್ತಿಯವರೆಗೆ ಪ್ರತಿ ವರ್ಷ ಅದೇ ಪಾಠವನ್ನು ಅದೇ ಉದಾಹರಣೆಯೊಡನೆ ಹೇಳಿದೆ. ಆದ್ದರಿಂದ ಈ ಲೇಖನ ಅವನೊಬ್ಬನಿಗಲ್ಲ, ನನ್ನ ತರಗತಿಯಲ್ಲಿ ಕುಳಿತಿದ್ದ ನಿಮಗೆಲ್ಲರಿಗೂ.

ಮೊದಲು ಚರಿತ್ರೆಯನ್ನು ನೋಡೋಣ. ನಾನು ಮಾಡಿದ ತಪ್ಪನ್ನು ನನಗಿಂತ ಬಹಳ ದೊಡ್ಡವರು, ಬಹಳ ಕಾಲ ಮಾಡಿದ್ದಾರೆ ಎಂಬುದು ಆ ಚರಿತ್ರೆಯಿಂದ ತಿಳಿಯುತ್ತದೆ. ಅದರಿಂದ ನನ್ನ ತಪ್ಪು ಕಡಿಮೆಯಾಗುವುದಿಲ್ಲ. ಆದರೆ ಹೇಗೆ ಆಯಿತೆಂಬುದು ಅರ್ಥವಾಗುತ್ತದೆ.

ಗಾಳಿ ತುಂಬಿದ ಚಕ್ರವನ್ನು ಮೊದಲು ಕಲ್ಪಿಸಿದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. 1845ರಲ್ಲಿ ಅವನು ಅದಕ್ಕೆ ಪೇಟೆಂಟ್ ಪಡೆದಾಗ ಅವನ ವಯಸ್ಸು ಕೇವಲ 23. ಆಗಿನ್ನೂ ತುಳಿಯುವ ಸೈಕಲ್ಲು ಪ್ರಚಾರಕ್ಕೇ ಬಂದಿರಲಿಲ್ಲ. ಅವನ ಚಕ್ರ ಕುದುರೆಗಾಡಿಗಳಿಗಾಗಿ. ರಬ್ಬರು ಲೇಪಿಸಿದ ಬಟ್ಟೆಯ ಕೊಳವೆ, ಅದರ ಮೇಲೆ ಚರ್ಮದ ಹೊದಿಕೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಅವನು ಗಾಡಿಯನ್ನು ಎಳೆಯಲು ಬೇಕಾಗುವ ಬಲವನ್ನು ಅಳೆದು ತೋರಿಸಿದ. ನುಣುಪಾದ ಗಟ್ಟಿ ರಸ್ತೆಯಲ್ಲಿ ಸಾಧಾರಣ ಚಕ್ರದ ಗಾಡಿಗೆ 45 ಪೌಂಡು ಬಲ ಬೇಕಾದರೆ ಗಾಳಿಚಕ್ರದ್ದಕ್ಕೆ 28 ಪೌಂಡು ಸಾಕಾಯಿತು. ಹೊಸದಾಗಿ ಒಡೆದು ಹಾಸಿದ ಜಲ್ಲಿಯ ಮೇಲೆ ಸಾಧಾರಣ ಚಕ್ರಕ್ಕೆ 120 ಪೌಂಡು. ಗಾಳಿಚಕ್ರಕ್ಕೆ ಸುಮಾರು 38 ಮಾತ್ರ!

ಈ ನಾಲ್ಕು ಅಂಕಿಗಳನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ರಸ್ತೆ ಕೆಟ್ಟಷ್ಟೂ ಮೆತ್ತನೆಯ ಚಕ್ರದ ಲಾಭ ಹೆಚ್ಚುತ್ತದೆ. ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ಆದರೆ ಆ ಚಕ್ರ ದುಬಾರಿಯಾಗಿತ್ತು, ತಕ್ಕ ರಬ್ಬರೂ ಸುಲಭವಾಗಿ ಸಿಗುತ್ತಿರಲಿಲ್ಲ. ಜಗತ್ತು ಥಾಮ್ಸನ್ನನನ್ನು ಮರೆಯಿತು.

ನಲವತ್ತು ವರ್ಷಗಳ ಮೇಲೆ, 1887–88ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ಎತ್ತಿ ಹಾಕುತ್ತಿದ್ದುದನ್ನು ಕಂಡು ಗಾಳಿ ಟೈರನ್ನು ಮತ್ತೊಮ್ಮೆ ಕಂಡುಹಿಡಿದ. 1888ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಥಾಮ್ಸನ್ನನ ಹಳೆಯ ಪೇಟೆಂಟ್ ಬೆಳಕಿಗೆ ಬಂದ ಮೇಲೆ ಅದು ಅಸಿಂಧುವಾಯಿತು. ಆದರೆ ಹೆಸರು ಮಾತ್ರ ಡನ್ಲಪ್ಪನದೇ ಉಳಿಯಿತು. ಲೋಕದ ರೀತಿ ಹಾಗೆಯೇ ಅಲ್ಲವೇ?

ಗಾಳಿ ಟೈರು ಸುಖಕ್ಕೆ ಹುಟ್ಟಿದ್ದು ನಿಜ. ಅದು ವೇಗಕ್ಕೂ ಸೈ ಎಂದು ಲೋಕ ಒಪ್ಪಿದ್ದು 1889ರ ಮೇ ತಿಂಗಳಲ್ಲಿ. ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಮೈದಾನದಲ್ಲಿ ನಡೆದ ಪಂದ್ಯಗಳಿಗೆ ವಿಲ್ಲೀ ಹ್ಯೂಮ್ ಎಂಬ ಸವಾರ ಡನ್ಲಪ್ಪನ ಟೈರು ಹಾಕಿಕೊಂಡು ಬಂದ. ಎಲ್ಲರದ್ದೂ ಸಪೂರದ, ಗಟ್ಟಿ ರಬ್ಬರಿನ ಟೈರು. ಇವನದು ಮಾತ್ರ ಊದಿಕೊಂಡ ಕೊಳವೆ. ನೋಡಿದವರು ನಕ್ಕರು. ಹ್ಯೂಮ್ ಗೆದ್ದ. ಅಂದು ಸೋತವರಲ್ಲಿ ಹಾರ್ವೆ ಡು ಕ್ರಾಸ್ ಎಂಬ ಡಬ್ಲಿನ್ನಿನ ವ್ಯಾಪಾರಿಯ ಮಕ್ಕಳೂ ಇದ್ದರು. ತಂದೆ ಮಕ್ಕಳ ಸೋಲಿಗೆ ಮರುಗುತ್ತ ಕೂರಲಿಲ್ಲ. ಅದೇ ವರ್ಷ ಆ ಟೈರನ್ನು ತಯಾರಿಸುವ ಕಂಪನಿಯನ್ನೇ ಕಟ್ಟಿದ!

ಆ ಟೈರನ್ನು ರಿಮ್ಮಿಗೆ ಅಂಟಿಸುತ್ತಿದ್ದರು. ಪಂಕ್ಚರಾದರೆ ಗಂಟೆಗಟ್ಟಲೆ ಕೆಲಸ. ಫ್ರಾನ್ಸಿನ ಮಿಶೆಲಿನ್ ಸಹೋದರರು 1891ರಲ್ಲಿ ಬಿಚ್ಚಿ ಹಾಕಬಹುದಾದ ಟೈರನ್ನು ತಂದರು. ಆ ವರ್ಷವೇ ಪ್ಯಾರಿಸ್ಸಿನಿಂದ ಬ್ರೆಸ್ಟ್ ನಗರಕ್ಕೆ ಹೋಗಿ ಹಿಂದಿರುಗುವ ಸುಮಾರು 1200 ಕಿ.ಮೀ. ಪಂದ್ಯವನ್ನು ಚಾರ್ಲ್ಸ್ ತೆರೋಂ ಎಂಬಾತ ಆ ಟೈರಿನ ಮೇಲೆ ಎಪ್ಪತ್ತೆರಡು ಗಂಟೆಯೊಳಗೆ ಮುಗಿಸಿ ಗೆದ್ದ.

ಇಲ್ಲಿಗೆ ಎರಡು ಪ್ರಸಂಗಗಳಾದವು. ಎರಡರಲ್ಲಿಯೂ ಗೆದ್ದದ್ದು ಮೆತ್ತನೆಯ ಚಕ್ರವೇ. ಹಾಗಿದ್ದೂ ಮುಂದಿನ ನೂರು ವರ್ಷ ಪಂದ್ಯದ ಸವಾರರು ನಡೆದದ್ದು ಉಲ್ಟಾ ದಾರಿಯಲ್ಲಿ. ರಸ್ತೆಗಳು ಡಾಂಬರು ಕಂಡು ನುಣುಪಾಗುತ್ತ ಹೋದಂತೆ ಟೈರು ಸಣ್ಣಗಾಗುತ್ತ, ಗಾಳಿ ಬಿಗಿಯಾಗುತ್ತ ಹೋಯಿತು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ 20–23 ಮಿಲಿಮೀಟರ್ ಅಗಲದ, ನೂರು ಪೌಂಡಿಗೂ ಮಿಕ್ಕಿ ಗಾಳಿ ತುಂಬಿದ ಟೈರೇ ಶ್ರೇಷ್ಠ ಎಂಬುದು ವೇದವಾಕ್ಯವಾಗಿತ್ತು. ಇದನ್ನು ಒಪ್ಪದವರು ಇರಲಿಲ್ಲವೆಂದಲ್ಲ. ಫ್ರಾನ್ಸಿನ ಸೇಂಟ್ ಎತಿಯೆನ್ ಊರಿನ ಪತ್ರಿಕಾ ಸಂಪಾದಕ ಪಾಲ್ ಡಿ ವಿವಿ, 'ವೆಲೋಸಿಯೋ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು, ಗುಡ್ಡಗಾಡಿನ ದಾರಿಗಳಿಗೆ ಅಗಲದ ಟೈರೇ ಸರಿ ಎಂದು ವಾದಿಸುತ್ತಲೇ 1930ರಲ್ಲಿ ತೀರಿಕೊಂಡರು. ಪಂದ್ಯದವರು ಅವರ ಮಾತನ್ನು ಕೇಳಲಿಲ್ಲ.

ಈಗ ಪಾಠಕ್ಕೆ ಬರುತ್ತೇನೆ. ಕರಿಹಲಗೆ ಎದುರಿಗಿದೆ ಎಂದು ಭಾವಿಸಿ.

ಸವಾರ ಮತ್ತು ಸೈಕಲ್ಲು ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. ಹಿಂದಿನ ಚಕ್ರದ ಮೇಲೆ ಸುಮಾರು 45 ಕಿಲೋ, ಅಂದರೆ ಹೆಚ್ಚುಕಡಿಮೆ 100 ಪೌಂಡು ಭಾರ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಅಂಗುಲಕ್ಕೆ 50 ಪೌಂಡು ಇದ್ದರೆ ಆ ಭಾರವನ್ನು ಹೊರಲು ಎರಡು ಚದರ ಅಂಗುಲದಷ್ಟು ಟೈರು ನೆಲಕ್ಕೆ ತಾಗಬೇಕು. 100 ಪೌಂಡು ಇದ್ದರೆ ಒಂದು ಚದರ ಅಂಗುಲ ಸಾಕು. ಗಮನಿಸಿ: ಈ ಲೆಕ್ಕದಲ್ಲಿ ಟೈರಿನ ಅಗಲ ಬರಲೇ ಇಲ್ಲ. ಒತ್ತಡ ಒಂದೇ ಆಗಿದ್ದರೆ ಸಪೂರದ ಟೈರೂ ಅಗಲದ ಟೈರೂ ಹೆಚ್ಚುಕಡಿಮೆ ಒಂದೇ ವಿಸ್ತೀರ್ಣದಲ್ಲಿ ನೆಲವನ್ನು ಮುಟ್ಟುತ್ತವೆ. ವ್ಯತ್ಯಾಸ ಆಕಾರದಲ್ಲಿ. ಸಪೂರದ್ದರ ಗುರುತು ಸೌತೆಕಾಯಿಯ ಬೀಜದಂತೆ ಉದ್ದ; ಅಗಲದ್ದರದು ಹುಣಸೆ ಬೀಜದಂತೆ ಗಿಡ್ಡ.

ಟೈರು ಉರುಳುವಾಗ ಶಕ್ತಿ ಹಾಳಾಗುವುದು ನೆಲಕ್ಕೆ ಉಜ್ಜಿ ಅಲ್ಲ, ತಾನೇ ಮಡಿಸಿ ಬಿಡಿಸಿಕೊಳ್ಳುವುದರಿಂದ. ರಬ್ಬರು ಒತ್ತಿದಾಗ ತೆಗೆದುಕೊಂಡ ಶಕ್ತಿಯನ್ನೆಲ್ಲ ಬಿಟ್ಟಾಗ ಹಿಂದಿರುಗಿಸುವುದಿಲ್ಲ. ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಗುರುತು ಉದ್ದವಾದಷ್ಟೂ ಟೈರಿನ ಮೈ ಹೆಚ್ಚು ಮಡಿಸಿಕೊಳ್ಳುತ್ತದೆ. ಆದ್ದರಿಂದ ಒಂದೇ ಒತ್ತಡದಲ್ಲಿ, ಒಂದೇ ಬಗೆಯ ಮೈಯಿದ್ದರೆ, ಅಗಲದ ಟೈರೇ ಹಗುರವಾಗಿ ಉರುಳುತ್ತದೆ! ನಾನು ಕಲಿಸಿದ್ದು ಇದಕ್ಕೆ ನೇರ ವಿರುದ್ಧ. ಅಷ್ಟೇ ಅಲ್ಲ, ಘರ್ಷಣೆಯು ತಾಗುವ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂಬ ನಿಯಮವನ್ನೂ ನಾನೇ ನಿಮ್ಮಿಂದ ಬಾಯಿಪಾಠ ಮಾಡಿಸಿದ್ದೆ. ನನ್ನ ಸೈಕಲ್ ಉದಾಹರಣೆ ಆ ನಿಯಮಕ್ಕೇ ಸಲ್ಲದು ಎಂಬುದು ನನ್ನ ಕಣ್ಣಿಗೆ ಬೀಳಲಿಲ್ಲ. ನೀವೂ ಯಾರೂ ಕೇಳಲಿಲ್ಲ. ಕೇಳಲು ಹೆದರುವಂತೆ ನಾನು ಇದ್ದೆನೇನೋ.

ಇನ್ನು ಗಾಳಿಯ ಬಿಗಿ. ಗಾಜಿನಂಥ ನೆಲದಲ್ಲಿ ಬಿಗಿಯಾದ ಟೈರು ಕಡಿಮೆ ಮಡಿಸಿಕೊಳ್ಳುತ್ತದೆ, ಆದ್ದರಿಂದ ವೇಗ ನಿಜ. ಆದರೆ ನಮ್ಮ ರಸ್ತೆ ಗಾಜಲ್ಲ. ಜಲ್ಲಿಯ ಒಂದು ಹರಳು ಅಡ್ಡ ಬಂದಾಗ ಕಲ್ಲಿನಂಥ ಟೈರು ಸೈಕಲ್ಲನ್ನೂ ಸವಾರನನ್ನೂ ಒಟ್ಟಿಗೆ ಎತ್ತಿ ಇಳಿಸುತ್ತದೆ. ಪ್ರತಿ ಎತ್ತಿಗೂ ಶಕ್ತಿ ಬೇಕು. ಅದು ಮುಂದಕ್ಕೆ ಹೋಗಬೇಕಾದ ಶಕ್ತಿಯಿಂದಲೇ ಕಡಿತವಾಗಿ ನಮ್ಮ ಮೈಯ ನಡುಕದಲ್ಲಿ ಕರಗುತ್ತದೆ. ಮೆತ್ತನೆಯ ಟೈರು ಆ ಹರಳನ್ನು ತನ್ನೊಳಗೇ ನುಂಗಿಕೊಂಡು ಮುಂದೆ ಸಾಗುತ್ತದೆ. ಹಿಡಿತದ ವಿಷಯವೂ ಇಲ್ಲಿಯೇ ಇದೆ. ಪುಟಿಯುತ್ತಿರುವ ಚಕ್ರ ಒಂದೊಂದು ಕ್ಷಣ ನೆಲವನ್ನು ಬಿಟ್ಟಿರುತ್ತದೆ. ನೆಲವನ್ನೇ ಮುಟ್ಟದ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಕೆಟ್ಟ ದಾರಿಯಲ್ಲಿ ವೇಗ ಮತ್ತು ಹಿಡಿತ ಶತ್ರುಗಳಲ್ಲ, ಒಂದು ಮಿತಿಯವರೆಗೆ ಜೊತೆಗಾರರು.

ಇದಕ್ಕೆ ಲೋಕದಲ್ಲಿರುವ ದೊಡ್ಡ ಪ್ರಯೋಗಶಾಲೆಯೆಂದರೆ ಉತ್ತರ ಫ್ರಾನ್ಸಿನ ಪ್ಯಾರಿಸ್–ರೂಬೇ ಪಂದ್ಯ. 1896ರಲ್ಲಿ ಆರಂಭವಾದ ಈ ಪಂದ್ಯವನ್ನು ಮೊದಲು ಗೆದ್ದವನು ಜರ್ಮನಿಯ ಜೋಸೆಫ್ ಫಿಷರ್. ಇಂದಿಗೂ ಸುಮಾರು 250 ಕಿ.ಮೀ. ದಾರಿಯಲ್ಲಿ 50 ಕಿ.ಮೀ.ಗೂ ಹೆಚ್ಚು ಹಳೆಯ ಕಲ್ಲುಹಾಸು, ಉಳಿದದ್ದು ಡಾಂಬರು. ಗೆದ್ದವರಿಗೆ ಕೊಡುವ ಬಹುಮಾನವೂ ಅಂಥದ್ದೇ ಒಂದು ಕಲ್ಲು. ಮೊದಲ ಮಹಾಯುದ್ಧದ ನಂತರ 1919ರಲ್ಲಿ ದಾರಿ ನೋಡಲು ಹೋದವರು ಶೆಲ್ಲುಗಳಿಂದ ಹಾಳಾದ ನೆಲವನ್ನು ಕಂಡು 'ಉತ್ತರದ ನರಕ' ಎಂದರು. ಆ ಹೆಸರೇ ಪಂದ್ಯಕ್ಕೆ ಉಳಿಯಿತು. 1964ರಲ್ಲಿ ಹಾಲೆಂಡಿನ ಪೀಟರ್ ಪೋಸ್ಟ್ ಗಂಟೆಗೆ 45.1 ಕಿ.ಮೀ. ಸರಾಸರಿ ವೇಗದಲ್ಲಿ ಗೆದ್ದ. ಆ ದಾಖಲೆ ಮುರಿದದ್ದು 2017ರಲ್ಲಿ, ಐವತ್ತಮೂರು ವರ್ಷಗಳ ಮೇಲೆ! ಈ ನಡುವೆ ಸವಾರರು ಏನೇನೋ ಮಾಡಿದರು. 1992 ಮತ್ತು 1993ರಲ್ಲಿ ಗೆದ್ದ ಡುಕ್ಲೋ ಲಸಾಲ್ ತನ್ನ ಸೈಕಲ್ಲಿನ ಮುಂದಿನ ಕವಲಿಗೆ ಮೋಟಾರ್ ಸೈಕಲ್ಲಿನಂತೆ ಆಘಾತ ತಡೆಯುವ ಶಾಕ್ ಅಬ್ಸಾರ್ಬರ್ ಹಾಕಿಸಿಕೊಂಡಿದ್ದ. ಕಡೆಗೆ ಉಳಿದುಕೊಂಡದ್ದು ಅದಲ್ಲ. ಟೈರಿನೊಳಗಿನ ಗಾಳಿಯೇ ಎಲ್ಲಕ್ಕಿಂತ ಹಗುರವಾದ ಸ್ಪ್ರಿಂಗು ಎಂಬ ಅರಿವು.

2000ದ ನಂತರ ಪ್ರಯೋಗಶಾಲೆಯ ನುಣುಪು ಉರುಳೆಗಳನ್ನು ಬಿಟ್ಟು ನಿಜವಾದ ಒರಟು ರಸ್ತೆಯಲ್ಲಿ ಟೈರುಗಳನ್ನು ಅಳೆಯತೊಡಗಿದಾಗ ಹಳೆಯ ವೇದವಾಕ್ಯ ಬಿರುಕುಬಿಟ್ಟಿತು. ಪಂದ್ಯಗಳ ಟೈರು 23ರಿಂದ 25ಕ್ಕೆ, 28ಕ್ಕೆ ಏರಿತು. ಪ್ಯಾರಿಸ್–ರೂಬೇಯಲ್ಲಿ 30, 32 ಮಿ.ಮೀ. ಮತ್ತು ಅದಕ್ಕೂ ಮೇಲಿನ ಟೈರುಗಳು ಈಗ ಸಾಮಾನ್ಯ. 2024ರಲ್ಲಿ ಮಾಥ್ಯೂ ವಾನ್ ಡರ್ ಪೂಲ್ ಗಂಟೆಗೆ 47.8 ಕಿ.ಮೀ. ಸರಾಸರಿಯಲ್ಲಿ ಗೆದ್ದ. ಬೆನ್ನಗಾಳಿ, ತಂಡದ ತಂತ್ರ, ಸೈಕಲ್ಲಿನ ಇತರ ಸುಧಾರಣೆ ಇವೆಲ್ಲಕ್ಕೂ ಅದರಲ್ಲಿ ಪಾಲಿದೆ. ಎಲ್ಲವನ್ನೂ ಟೈರಿಗೆ ಕಟ್ಟಿದರೆ ಮತ್ತೊಂದು ತಪ್ಪು ಪಾಠವಾದೀತು. ಆದರೆ ದಪ್ಪ ಟೈರು ವೇಗವನ್ನು ಕೊಲ್ಲುತ್ತದೆ ಎಂಬ ಮಾತನ್ನು ಇನ್ನು ಯಾರೂ ಹೇಳುವಂತಿಲ್ಲ.

ಟೈರಿನ ಮೇಲಿನ ಗುಬಟುಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಕಾರಿನ ಟೈರಿಗೆ ಗೀರುಗಳಿರುವುದು ನೀರನ್ನು ಹೊರಹಾಕಲು. ಸೈಕಲ್ಲಿಗೆ ಆ ಭಯವಿಲ್ಲ. ಟೈರು ನೀರಿನ ಮೇಲೆ ತೇಲುವ ವೇಗವನ್ನು ಅಂದಾಜು ಮಾಡಲು ವಿಮಾನದ ಟೈರುಗಳಿಗಾಗಿ ಒಂದು ಸೂತ್ರವಿದೆ; ಅದರ ಪ್ರಕಾರ 50 ಪೌಂಡು ಗಾಳಿಯ ಟೈರು ತೇಲಬೇಕಾದರೆ ಗಂಟೆಗೆ ಸುಮಾರು 118 ಕಿ.ಮೀ. ವೇಗ ಬೇಕು. ಆದ್ದರಿಂದ ಡಾಂಬರಿನಲ್ಲಿ, ಮಳೆಯಲ್ಲಿಯೂ, ನುಣುಪಾದ ಟೈರು ಸಾಕು. ಗುಬಟುಗಳು ಬಾಗಿ ಬಳುಕಿ ಶಕ್ತಿ ತಿನ್ನುತ್ತವೆ ಅಷ್ಟೆ. ಮಣ್ಣಿನ ಮಾತು ಬೇರೆ. ಮೆದು ಮಣ್ಣಿಗೆ ಗುಬಟು ನಾಟಬೇಕು, ಗೊರಸು ನಾಟಿದಂತೆ. ನಮ್ಮ ಕೆಮ್ಮಣ್ಣಿನ ದಾರಿಯೋ ಎರಡೂ ಅಲ್ಲ: ಕೆಳಗೆ ಗಟ್ಟಿ ಜಂಬಿಟ್ಟಿಗೆ, ಮೇಲೆ ಬೆಣ್ಣೆಯಂಥ ತೆಳು ಕೆಸರು. ಅಲ್ಲಿ ಬೇಕಾದದ್ದು ಕಡಿಮೆ ಗಾಳಿ, ಸಣ್ಣ ಗುಬಟು, ಮತ್ತು ತಾಳ್ಮೆ. ಬೆರಕೆ ದಾರಿಗೆಂದು ಮಾಡಿದ ಟೈರುಗಳಲ್ಲಿ ನಡುವೆ ನುಣುಪು ಪಟ್ಟಿ, ಅಂಚಿನಲ್ಲಿ ಗುಬಟು ಇರುತ್ತದೆ. ನೇರ ಹೋಗುವಾಗ ನಡುವಿನ ಪಟ್ಟಿ ಉರುಳುತ್ತದೆ. ತಿರುವಿನಲ್ಲಿ ವಾಲಿದಾಗ ಅಂಚು ಕಚ್ಚುತ್ತದೆ.

ಇದನ್ನೆಲ್ಲ ಓದುತ್ತಿದ್ದಾಗ ನನಗೆ ನಗು ಬಂದ ಒಂದು ಸಂಗತಿ ಇದೆ. ಬೆರಕೆ ದಾರಿಗೆಂದು ಈಗ ಲಕ್ಷಗಟ್ಟಲೆ ಬೆಲೆಗೆ ಮಾರುವ 'ಗ್ರಾವೆಲ್' ಸೈಕಲ್ಲುಗಳ ಟೈರು ಸಾಮಾನ್ಯವಾಗಿ 40 ಮಿ.ಮೀ. ಆಸುಪಾಸಿನದು. ನಮ್ಮ ಅಂಚೆಯಣ್ಣನೂ ಹಾಲಿನವನೂ ತುಳಿಯುತ್ತಿದ್ದ ಕರಿಯ ಸೈಕಲ್ಲಿನ 'ಇಪ್ಪತ್ತೆಂಟು – ಒಂದೂವರೆ' ಟೈರಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ! ಅಂದು ಆ ಹುಡುಗನ ಅಪ್ಪನ ಮನೆಯಲ್ಲಿ ಅಂಥದೇ ಸೈಕಲ್ಲೊಂದು ಗೋಡೆಗೆ ಒರಗಿ ನಿಂತಿತ್ತು. ಅದನ್ನು ಬಿಡಿಸಿ ಎರವಲಿನ ಸಪೂರದ ಟೈರಿಗೆ ಏರಿಸಿದವನು ನಾನು.

ಬುಧವಾರ ರಾತ್ರಿ ಅವನಿಗೆ ನಾನೇ ಕರೆಮಾಡಿದೆ. ಮಗಳಿಗೆ ಹೇಳಬೇಕಾದದ್ದನ್ನು ಹೇಳಿದೆ. ಟೈರು 38–40 ಮಿ.ಮೀ. ಇರಲಿ, ನಡುವೆ ನುಣುಪು, ಅಂಚಿನಲ್ಲಿ ಸಣ್ಣ ಗುಬಟು. ಅವಳ ತೂಕಕ್ಕೆ 30–35 ಪೌಂಡು ಗಾಳಿಯಿಂದ ಆರಂಭಿಸಲಿ. ಟೈರಿನ ಮೈಮೇಲೆ ಅಚ್ಚಾಗಿರುವ ಮಿತಿಗಳನ್ನು ಮೀರದಿರಲಿ. ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚಾದ್ದರಿಂದ ಅದಕ್ಕೆ ಎರಡು ಮೂರು ಪೌಂಡು ಹೆಚ್ಚು, ಮುಂದಿನದಕ್ಕೆ ಕಡಿಮೆ. ತೀರ ಇಳಿಸಿದರೆ ಕಲ್ಲಿಗೆ ತಾಗಿ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಎರಡು ಕಡೆ ತೂತಾಗುತ್ತದೆ. ಎರಡು ಟೈರುಗಳಲ್ಲಿ ಒಂದು ಸವೆದಿದ್ದರೆ ಒಳ್ಳೆಯದನ್ನು ಮುಂದೆ ಹಾಕಿಸಲಿ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ನೆಲವೇ ಗತಿ.

ಕೊನೆಗೆ, "1991ರಲ್ಲಿ ನಿನಗೆ ನಾನು ತಪ್ಪು ಹೇಳಿದ್ದೆ ಕಣಪ್ಪಾ. ಸಾಬರ ಮಾತು ಸರಿಯಾಗಿತ್ತು" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನೆಂದ: "ಸಾರ್, ನಾನೂ ನಿಮಗೆ ಒಂದು ಹೇಳಿರಲಿಲ್ಲ. ಆ ತಿರುವಿನಲ್ಲಿ ಹೆದರಿ ಮುಂದಿನ ಬ್ರೇಕು ಬಿಗಿಯಾಗಿ ಹಿಡಿದಿದ್ದೆ. ನೀವು ಬೈಯುತ್ತೀರಿ ಅಂತ ಯಾರಿಗೂ ಹೇಳಲಿಲ್ಲ."

ಟೈರಿಗಿರುವ ಹಿಡಿತ ಒಂದು ಗಂಟು. ಅದನ್ನು ತಿರುಗಲು ಖರ್ಚು ಮಾಡಬಹುದು, ಇಲ್ಲವೇ ನಿಲ್ಲಲು. ಎರಡಕ್ಕೂ ಒಟ್ಟಿಗೆ ಕೇಳಿದರೆ ಸಾಲದು. ಆದ್ದರಿಂದ ಅವನು ಹೇಳಿದ್ದೂ ಒಂದು ಕಾರಣವೇ ಸರಿ. ಆದರೆ ಆ ಗಂಟನ್ನು ಮೊದಲೇ ಬರಿದು ಮಾಡಿ ಕಳಿಸಿದವನು ನಾನು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಇಬ್ಬರೂ ತಮ್ಮ ತಮ್ಮ ತಪ್ಪನ್ನು ಮುಚ್ಚಿಟ್ಟುಕೊಂಡಿದ್ದೆವು. ಅವನು ನನಗೆ ಹೆದರಿ, ನಾನು ನನ್ನ ಮರ್ಯಾದೆಗೆ ಹೆದರಿ.

ಸಾಬರು ಈಗಿಲ್ಲ. ಅವರ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಬಂದಿದೆ. ಅವರಿಗೆ ಹೇಳಬೇಕಾದ ಮಾತನ್ನು ಹೇಳಲು ನಾನು ತಡಮಾಡಿದೆ.

ನನ್ನ ತರಗತಿಯಲ್ಲಿ ಕುಳಿತಿದ್ದವರು ದಯವಿಟ್ಟು ಘರ್ಷಣೆಯ ಪಾಠದ ಆ ಸೈಕಲ್ ಉದಾಹರಣೆಯನ್ನು ಹೊಡೆದುಹಾಕಿ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ಅದನ್ನು ನಿಮ್ಮ ಮಕ್ಕಳಿಗೂ ಹೇಳಿಕೊಟ್ಟಿದ್ದರೆ ತಿದ್ದಿ. ನನ್ನ ಬೇರೆ ಯಾವ ಪಾಠದಲ್ಲಿಯಾದರೂ ಇಂಥ ತಪ್ಪು ಕಂಡಿದ್ದರೆ ಸಂಕೋಚವಿಲ್ಲದೆ ತಿಳಿಸಿ. ಈಗ ನಾನು ಬೈಯುವುದಿಲ್ಲ.